ಹಿಂದಿನ ಕೋಣೆಯ ಪರದೆ

ಹತ್ತಿಯಣ್ಣನಿಗೆ ಬೇಕಾಗಿದ್ದುದು ಒಂದು ಕಿಟಕಿ. ಅದರ ಸುತ್ತ ಎಂಥ ಮನೆ ಇದ್ದರೂ ಅವನಿಗೆ ಆಗುತ್ತಿತ್ತು.

ಹಾಸಿಗೆ, ದಿಂಬು ತುಂಬುವ ಕೆಲಸದಲ್ಲೇ ಆಯುಸ್ಸು ಕಳೆದ ಮನುಷ್ಯ. ಹತ್ತಿ ಬಿಡಿಸುವಾಗ ಏಳುವ ಧೂಳು ಮೊದಲು ಅವನ ತಲೆಯ ಮೇಲೆ ಕೂತಿತು, ಆಮೇಲೆ ಎದೆಯೊಳಗೆ ಕೂತಿತು. ತಲೆಯದು ತೊಳೆದರೆ ಹೋಗುತ್ತಿತ್ತು. ಎದೆಯದು ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಅಲ್ಲೇ ಬೇರು ಬಿಟ್ಟಿತು. ‘ಔಷಧಿ ಅರ್ಧ, ಗಾಳಿ ಅರ್ಧ’ ಎಂದಿದ್ದರು ಡಾಕ್ಟರು. ಔಷಧಿಯನ್ನು ಮಗಳು ತರುತ್ತಿದ್ದಳು, ಅವಳು ಔಷಧಿ ಅಂಗಡಿಯಲ್ಲೇ ಕೆಲಸಕ್ಕಿದ್ದಳು. ಗಾಳಿಯನ್ನು ಕಿಟಕಿ ಕೊಡುತ್ತಿತ್ತು.

ಅವರು ಇದ್ದದ್ದು ಬಾಡಿಗೆಯ ಮಹಡಿಮನೆ. ಅದರ ಮುಂದಿನ ಕೋಣೆಗೆ ಎರಡು ಬಾಗಿಲಿನ ಹಳೆಯ ಮರದ ಕಿಟಕಿ. ಎದುರಿಗೆ ಲಾರಿಗಳು ನಿಲ್ಲುವ ಬಯಲು, ಬಯಲಿನಾಚೆಯಿಂದ ಅಡೆತಡೆಯಿಲ್ಲದೆ ಬರುವ ಗಾಳಿ. ಹತ್ತಿಯಣ್ಣ ಬೆಳಗಿನಿಂದ ಸಂಜೆವರೆಗೆ ಅಲ್ಲೇ ಕೂರುತ್ತಿದ್ದ. ಅವನು ಮೊಣಕೈ ಊರಿ ಊರಿ ಕಿಟಕಿಯ ಹಲಗೆಯಲ್ಲಿ ಬಣ್ಣ ಹೋಗಿ ಎರಡು ಗುಳಿ ಬಿದ್ದಿದ್ದವು. ಹೆಂಡತಿ ಅದನ್ನು ಒರೆಸುವಾಗಲೆಲ್ಲ, “ಇನ್ನೊಂದು ನಾಲ್ಕು ವರ್ಷ ಕೂತ್ರೆ ಇದರಲ್ಲಿ ನೀರು ನಿಲ್ಲಿಸಿ ಮೀನು ಸಾಕಬಹುದು ರೀ” ಎನ್ನುತ್ತಿದ್ದಳು.

ಆ ಹೆಂಡತಿಯನ್ನು ಬೀದಿಯಲ್ಲಿ ಎಲ್ಲರೂ ಪರದೆಯಕ್ಕ ಎಂದೇ ಕರೆಯುತ್ತಿದ್ದರು. ಪರದೆ ಅಂಗಡಿಯ ಹಿಂಬದಿಯಲ್ಲಿ ಅವಳ ಮಿಷನ್ನು. ಅಂಗಡಿಗೆ ಬರುವ ಗಿರಾಕಿಗಳ ಮುಖ ಅವಳು ನೋಡಿದವಳಲ್ಲ. ಅವಳು ಹೊಲಿದ ಪರದೆ ಯಾವ ಮನೆಗೆ ಹೋಯಿತು, ಹೇಗೆ ತೂಗಿತು ಎಂಬುದನ್ನೂ ನೋಡಿದವಳಲ್ಲ. ಮನೆಗಳಿಗೆ ಹೋಗಿ ಅಳೆದು ಬರುವುದು, ಆಮೇಲೆ ರಾಡು ಕೂರಿಸಿ ಪರದೆ ತೂಗಿಸುವುದು ರಾಡಣ್ಣನ ಕೆಲಸ. ಅವನು ಬಾಗಿಲಲ್ಲೇ ನಿಂತು ಅಳತೆ ಕೂಗುತ್ತಿದ್ದ, ಇವಳು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದಳು. ಕೆಲಸ ಮುಗಿದ ಮೇಲೆ ಒರೆಸಿಬಿಡುತ್ತಿದ್ದಳು.

ಆ ಕಸುಬಿನಲ್ಲೊಂದು ರೂಢಿಯಿದೆ. ಪರದೆಯನ್ನು ಕಿಟಕಿಯ ಅಳತೆಗೆ ಹೊಲಿಯುವುದಿಲ್ಲ. ಕಿಟಕಿಗಿಂತ ಒಂದು ಗೇಣು ಮೇಲೆ, ಎರಡೂ ಪಕ್ಕಕ್ಕೆ ಒಂದೊಂದು ಗೇಣು ಆಚೆ, ಕೆಳಗೆ ನೆಲ ಮುಟ್ಟುವಷ್ಟು. ಹಾಗೆ ತೂಗಿಸಿದರೆ ಸಣ್ಣ ಕಿಟಕಿಯೂ ದೊಡ್ಡದಾಗಿ ಕಾಣುತ್ತದೆ. ಈ ಗುಟ್ಟು ಗೊತ್ತಿದ್ದರಿಂದ ಪರದೆಯಕ್ಕನಿಗೆ ಯಾವ ಪರದೆಯ ಅಳತೆ ಹೇಳಿದರೂ ಆಚೆ ಈಚೆ ಗೇಣು ಕಳೆದು ಒಳಗಿನ ಕಿಟಕಿ ಇಷ್ಟೇ ಎಂದು ಹೇಳಿಬಿಡುತ್ತಿದ್ದಳು. ಎಷ್ಟೋ ಮನೆಗಳ ಕಿಟಕಿಗಳು, ಆ ಮನೆಯ ಹೊಸ್ತಿಲು ತುಳಿಯದೆಯೇ, ಅವಳ ಬಾಯಲ್ಲಿದ್ದವು.

ಇನ್ನೊಂದು ರೂಢಿ ಅವಳ ಸ್ವಂತದ್ದು. ಹೊಸ ಪರದೆಯ ನೆರಿಗೆಗಳನ್ನು ಒಂದೇ ಸಮ ಮಡಿಸಿ ಚಿಂದಿಬಟ್ಟೆಯ ಪಟ್ಟಿಯಿಂದ ಮೂರು ಕಡೆ ಗಂಟು ಹಾಕಿ ಕಳಿಸುತ್ತಿದ್ದಳು. ತೂಗಿಸಿದ ಮೇಲೂ ಕೆಲವು ದಿನ ಗಂಟು ಬಿಚ್ಚಬಾರದು, ಮುಟ್ಟಬಾರದು. ನೆರಿಗೆ ಕೂರಬೇಕು. ಮಗಳು ಚಿಕ್ಕವಳಿದ್ದಾಗ ಹಾಗೆ ಗಂಟು ಹಾಕಿದ ಪರದೆಯೊಳಗೆ ಬಚ್ಚಿಟ್ಟುಕೊಂಡು ಅಡಿಕೋಲಿನ ಏಟು ತಿಂದಿದ್ದಳು. ಬೇರೆ ಯಾವುದಕ್ಕೂ ಅಮ್ಮ ಅವಳನ್ನು ಹೊಡೆದವಳಲ್ಲ.

ಒಂದು ದಿನ ಮನೆ ಮಾಲೀಕರ ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ಬಂದವಳು ಕೂರಲಿಲ್ಲ. ಕೂರದೆ ಬಂದವರು ಒಳ್ಳೆಯ ಸುದ್ದಿ ತರುವುದು ಕಡಿಮೆ.

“ನಿಮ್ಮನ್ನ ಏಳಿಸೋಕೆ ನನಗೇನು ಸಂತೋಷನಾ? ಆದ್ರೆ ಅವರು ಹೇಳಿದ ರೇಟು ಕೇಳಿ ನನಗೇ ತಲೆ ತಿರುಗ್ತು. ಈ ಸಾಲು ಪೂರ್ತಿ ತಗೊಂಡು ಕೆಡವಿ ಫ್ಲಾಟು ಎಬ್ಬಿಸ್ತಾರಂತೆ. ಪಕ್ಕದವರು ಕೊಟ್ಟಾಯ್ತು. ನಾನೊಬ್ಬಳು ಹಟ ಹಿಡಿದ್ರೆ ನಮ್ಮೆಜಮಾನ್ರು ಸುಮ್ನಿರ್ತಾರಾ?”

“ಮನೆಗೆ ರೇಟು ಬಂದ್ರೆ ಬಾಡಿಗೆಯವನಿಗೆ ಏಟು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ” ಎಂದ ಹತ್ತಿಯಣ್ಣ, ಕಿಟಕಿಯಿಂದ ಮುಖ ತಿರುಗಿಸದೆ.

“ಯಾವ ದೊಡ್ಡೋರು ಹೇಳಿದ್ದು?”

“ನಾನೇ. ಈಗಷ್ಟೇ.”

ಅವಳು ನಕ್ಕಳು. ನಗುತ್ತಲೇ ಮಳೆಗಾಲ ಮುಗಿಯುವಷ್ಟರಲ್ಲಿ ಬಿಡಬೇಕು ಎಂದಳು.

ಬಾಡಿಗೆಗೆ ಬೇರೆ ಮನೆ ನೋಡೋಣವೆಂದರೆ ಬಾಡಿಗೆಯೂ ಬೆಲೆಯ ಸೆರಗು ಹಿಡಿದು ಮೇಲೇರಿತ್ತು. ಆಗ ಮಗಳು ಹೇಳಿದಳು: “ಅಮ್ಮ, ಕೂಡಿಟ್ಟಿದ್ದು ಒಂದಿಷ್ಟಿದೆ. ಮಿಕ್ಕಿದ್ದಕ್ಕೆ ನನ್ನ ಸಂಬಳದ ಮೇಲೆ ಸಾಲ ಎತ್ತೋಣ. ಸ್ವಂತದ್ದೊಂದು ಆಗಿಬಿಡಲಿ. ಇನ್ನೊಬ್ರು ಬಂದು ಏಳಿ ಅನ್ನಬಾರದು.” ಅವಳಿಗೆ ಮೂವತ್ತು ದಾಟಿತ್ತು. ಮದುವೆಯ ಮಾತು ಬಂದರೆ ಅಪ್ಪನ ಕೆಮ್ಮನ್ನು ಮುಂದೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದಳು. ಆ ಸಾಲ ತೀರುವಷ್ಟರಲ್ಲಿ ಅವಳ ತಲೆಯೂ ಹತ್ತಿಯಾಗುತ್ತದೆ ಎಂದು ಮೂವರಿಗೂ ಗೊತ್ತಿತ್ತು.

ಹಾಗೆ ಭಾನುವಾರಗಳು ಶುರುವಾದವು. ಮನೆ ತೋರಿಸಲು ಒಬ್ಬ ದಲ್ಲಾಳಿ ಸಿಕ್ಕಿದ. ಬಿಳಿ ಬೂಟಿನವನು. ನಾಲಿಗೆಯಲ್ಲೇ ತಳಪಾಯ ಹಾಕಿ, ನಾಲಿಗೆಯಲ್ಲೇ ಚಾವಣಿ ಹೊದಿಸುವ ಪೈಕಿ.

ಮೊದಲು ತೋರಿಸಿದ್ದು ಒಂದು ಬಿಡಿ ಮನೆ. ನಾಲ್ಕು ಕಡೆಯೂ ತನ್ನದೇ ಜಾಗ, ಹಿತ್ತಲಲ್ಲೊಂದು ಮರ, ಹೊರಗೆ ಬಟ್ಟೆ ಒಗೆಯುವ ಕಲ್ಲು. ಪರದೆಯಕ್ಕ ಒಳಗೆ ಹೋದವಳೇ ಸೆರಗಿನಿಂದ ಟೇಪು ತೆಗೆದು ಕಿಟಕಿ ಅಳೆದಳು. ಹತ್ತಿಯಣ್ಣ ಅದೇ ಕಿಟಕಿಯ ಮುಂದೆ ಕಣ್ಣು ಮುಚ್ಚಿ ನಿಂತ.

“ಅಣ್ಣಾ, ಅಡುಗೆಮನೆ ನೋಡಿ, ಬಚ್ಚಲು ನೋಡಿ. ಕಿಟಕೀಲಿ ಏನಿದೆ?” ಎಂದ ದಲ್ಲಾಳಿ.

“ನೀನು ಊಟಕ್ಕೆ ಕೂತಾಗ ಯಾರಾದ್ರೂ ಪಾತ್ರೆ ತೋರಿಸ್ತಾರೇನಯ್ಯ? ಸುಮ್ನಿರು, ಉಣ್ತಾ ಇದ್ದೀನಿ.”

ಆ ರಾತ್ರಿಯೇ ಪರದೆಯಕ್ಕ ಬಟ್ಟೆ ಕತ್ತರಿಸಿದಳು. ಅಂಗಡಿಯ ಮಾಲೀಕ ಒಂದು ವರ್ಷ ಇನಾಮಿನ ಬದಲು ಕೊಟ್ಟಿದ್ದ ಗೋಧಿ ಬಣ್ಣದ ನಯವಾದ ಬಟ್ಟೆ ಅದು. ಸ್ವಂತ ಮನೆಗೆಂದು ಪೆಟ್ಟಿಗೆಯ ತಳದಲ್ಲಿಟ್ಟಿದ್ದಳು. “ಕೂಸು ಹುಟ್ಟೋ ಮುಂಚೆ ಕುಲಾವಿ” ಎಂದ ಗಂಡ. “ನನ್ನ ಕೈಯಲ್ಲಿ ಹೊಲಿದ ಕುಲಾವಿ ನೋಡಿ ಕೂಸೇ ಓಡಿ ಬರುತ್ತೆ ಬಿಡ್ರಿ” ಎಂದಳು ಇವಳು.

ಕೂಸು ಬರಲಿಲ್ಲ. ‘ಮುಂದಿನ ವಾರ ಹೇಳ್ತೀವಿ’ ಎಂದು ಬಂದಿದ್ದರು. ಮುಂದಿನ ವಾರಕ್ಕೆ ಆ ಬೆಲೆ ಇರಲಿಲ್ಲ, ಅದರ ಮುಂದಿನ ವಾರಕ್ಕೆ ಆ ಮನೆಯೇ ಇರಲಿಲ್ಲ.

ಆಮೇಲೆ ಜೋಡಿಮನೆ. ಒಂದು ಬ್ರೆಡ್ಡನ್ನು ನಡುವೆ ಕುಯ್ದ ಹಾಗೆ ಒಂದೇ ಮನೆಯನ್ನು ಎರಡು ಮಾಡಿದ್ದರು. ನಡುಗೋಡೆಯಾಚೆ ಯಾರೋ ಗಂಡ ಹೆಂಡತಿ ಜಗಳವಾಡುವುದು ಮಾತು ಮಾತೂ ಕೇಳಿಸುತ್ತಿತ್ತು. ಬಿಡಿ ಮನೆಗೆ ಮೊದಲು ಹೇಳಿದ್ದ ಬೆಲೆ ಈಗ ಈ ಅರ್ಧಕ್ಕೆ. ಯೋಚಿಸುವಷ್ಟರಲ್ಲಿ ಅದೂ ಹೋಯಿತು. ಆಮೇಲೆ ಸಾಲುಮನೆ. ರೈಲುಡಬ್ಬಿಯ ಹಾಗೆ ಆಚೆಗೊಂದು ಈಚೆಗೊಂದು ಅಂಟಿಕೊಂಡದ್ದು, ಗಾಳಿ ಬಂದರೆ ಮುಂದಿನಿಂದ, ಹೋದರೆ ಹಿಂದಿನಿಂದ. ಜೋಡಿಮನೆಯ ಬೆಲೆ ಈಗ ಇದಕ್ಕೆ. ಪರದೆಯಕ್ಕ ಪ್ರತಿ ಸಲವೂ ಗೋಧಿ ಬಣ್ಣದ ಪರದೆ ಬಿಚ್ಚಿ ಹೊಸ ಅಳತೆಗೆ ತಗ್ಗಿಸುತ್ತಿದ್ದಳು. ಕತ್ತರಿಸಿ ಉಳಿದ ತುಂಡುಗಳು ದಿಂಬಿನ ಚೀಲಗಳಾದವು.

ಫ್ಲಾಟಿನ ಮಾತು ಬಂದಾಗ ಹತ್ತಿಯಣ್ಣ ಬೆರಳು ಮಡಿಸಿ ಹೇಳಿದ: “ಮೊದಲು ನಾಲ್ಕು ಕಡೆ ಗಾಳಿ. ಆಮೇಲೆ ಮೂರು. ಆಮೇಲೆ ಎರಡು. ಈಗ ಒಂದಕ್ಕೆ ಬಂದ್ವಿ. ಲೆಕ್ಕ ಎಲ್ಲಿಗೆ ಹೊರಟಿದೆ ಗೊತ್ತಾಯ್ತಲ್ಲ?”

“ನಿಮ್ಮ ಬಾಯಿಗೆ ಬೀಗ ಹಾಕ” ಎಂದಳು ಹೆಂಡತಿ.

ಅಂಥ ಹೊತ್ತಿನಲ್ಲಿ ರಾಡಣ್ಣ ಅಂಗಡಿಯ ಬಾಗಿಲಲ್ಲಿ ನಿಂತು ಕೂಗಿದ್ದು: “ಅಕ್ಕಾ, ಬರ್ಕೊಳ್ಳಿ. ಹೊಸ ಕಟ್ಟಡದ ಮಾದರಿ ಮನೆ. ಸಣ್ಣ ನಮೂನೆದು, ಒಂದೂವರೆ ಕೋಣೇದು. ಹಿಂದಿನ ಕೋಣೆ, ಅಗಲ ಹತ್ತಡಿ, ಎತ್ತರ ಒಂಬತ್ತಡಿ. ಅಸ್ತರು ಬೇಡ, ತೆಳ್ಳಗಿರಲಿ, ಬೆಳಕು ತೂರಿ ಬರ್ಬೇಕಂತೆ.”

ಮಾದರಿ ಮನೆ ಎಂದರೆ ಕೊಳ್ಳುವವರಿಗೆ ತೋರಿಸಲೆಂದೇ ಮಂಚ, ದೀಪ, ಪರದೆ ಹಾಕಿ ಸಿಂಗರಿಸಿದ ಮನೆ. ಕಟ್ಟಡದ ಮಿಕ್ಕ ಮನೆಗಳೂ ಅದರ ಹಾಗೇ ಇರುತ್ತವೆ ಎಂದು ನಂಬಿಕೆ. ಈ ಕಟ್ಟಡ ಅವರ ಬೀದಿಯಿಂದ ಎರಡು ಬಸ್ ಸ್ಟಾಪಿನಾಚೆ ಮೇಲೇಳುತ್ತಿತ್ತು. ಅದರಲ್ಲಿ ಎಲ್ಲಕ್ಕಿಂತ ಅಗ್ಗದ್ದೇ ಈ ಒಂದೂವರೆ ಕೋಣೆಯ ನಮೂನೆ.

ಪರದೆಯಕ್ಕ ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. ಆಚೆ ಗೇಣು, ಈಚೆ ಗೇಣು ಕಳೆದರೆ ಎಂಟೂವರೆ ಅಡಿಯ ಕಿಟಕಿ! ಬಿಡಿ ಮನೆಯ ಕಿಟಕಿಯೇ ಅದರ ಅರ್ಧವಿತ್ತು.

ಸಂಜೆ ಮನೆಗೆ ಹಾರಿಕೊಂಡೇ ಬಂದಳು.

“ಅಷ್ಟು ಅಗ್ಗದ್ದಕ್ಕೆ ಅಷ್ಟು ದೊಡ್ಡ ಕಿಟಕಿ ಇಡ್ತಾರೇನಮ್ಮ?” ಎಂದಳು ಮಗಳು.

“ಹಿಂದಿನ ಕೋಣೆ ಕಣೇ. ರಸ್ತೆ ಕಾಣಲ್ಲ, ಅದಕ್ಕೇ ಅಗ್ಗ. ಜನಕ್ಕೆ ರಸ್ತೆ ಬೇಕು, ನಮಗೆ ಗಾಳಿ ಬೇಕು. ಬೆಳಕು ತೂರಿ ಬರ್ಬೇಕು ಅಂತ ಅಸ್ತರೂ ಬೇಡ ಅಂದಿದ್ದಾರೆ ಅಂದ್ರೆ ನೋಡು.”

“ದಲ್ಲಾಳಿ ಏನೂ ಹೇಳಲಿಲ್ಲವಲ್ಲ?”

“ಅವನಿಗೆ ಗೊತ್ತಾದ್ರೆ ಬೆಲೆ ಏರಿಸ್ತಾನೆ. ದಲ್ಲಾಳಿ ಸುಳ್ಳು ಹೇಳಬಹುದು, ಅಳತೆ ಸುಳ್ಳು ಹೇಳಲ್ಲ.”

ಹತ್ತಿಯಣ್ಣ ಆ ದಿನ ರೊಟ್ಟಿ ಒಂದು ಹೆಚ್ಚಿಗೆ ತಿಂದ.

ಪರದೆಯನ್ನು ಅವಳು ಮನಸ್ಸಿಟ್ಟು ಹೊಲಿದಳು. ಯಾರದೋ ಮನೆಗಲ್ಲ, ಒಂದು ಲೆಕ್ಕದಲ್ಲಿ ತನ್ನದೇ ಮನೆಗೆ. ನೆರಿಗೆ ಮಡಿಸಿ ಮೂರು ಕಡೆ ಗಂಟು ಹಾಕಿ ಕಳಿಸಿದಳು. ರಾಡಣ್ಣ ತೂಗಿಸಿದ ಮರುದಿನವೇ ದಲ್ಲಾಳಿಯ ಫೋನು: ಸೋಮವಾರದಿಂದ ಸಣ್ಣ ನಮೂನೆಯ ಬೆಲೆ ಏರುತ್ತದೆ, ನೋಡುವುದಾದರೆ ಇವತ್ತೇ. ಪರದೆಯಕ್ಕನಿಗೆ ಅಂಗಡಿಯಲ್ಲಿ ಮದುವೆಮನೆಯೊಂದರ ಅವಸರದ ಕೆಲಸ. ಹತ್ತಿಯಣ್ಣನಿಗೆ ಆ ವಾರ ಬಸ್ಸು ಹತ್ತುವಷ್ಟು ಉಸಿರಿರಲಿಲ್ಲ. ಮಗಳೊಬ್ಬಳೇ ಹೋಗಿಬಂದಳು.

“ಹೇಗಿತ್ತೇ?” ಎಂದ ಅಪ್ಪ, ಅವಳು ಚಪ್ಪಲಿ ಬಿಡುವ ಮೊದಲೇ.

“ಕೋಣೆಯೆಲ್ಲ ಬೆಳಕು ಅಪ್ಪ. ಗೋಡೆಯಿಂದ ಗೋಡೆಗೆ ಪರದೆ. ಹಿಂದಿನಿಂದ ಬಿಸಿಲು ಬಿದ್ದು ಹೊಳೀತಾ ಇತ್ತು. ಅಮ್ಮ, ನಿನ್ನ ಗಂಟು ಇನ್ನೂ ಹಾಗೇ ಇದ್ವು.”

“ಮುಟ್ಟಿದೆಯಾ?”

“ಮುಟ್ತೀನಾ? ಅಡಿಕೋಲಿನ ಏಟು ಇನ್ನೂ ಚುರುಗುಟ್ಟುತ್ತೆ. ನನ್ನ ಹಾಗೇ ಮನೆ ನೋಡೋಕೆ ಬಂದಿದ್ದ ಒಬ್ಬರು ಎಳೆಯೋಕೆ ಹೋದ್ರು. ನಾನೇ ಬೈದೆ, ನೆರಿಗೆ ಕೂತಿಲ್ಲ ಮುಟ್ಟಬೇಡಿ, ನಮ್ಮಮ್ಮ ಹೊಲಿದಿದ್ದು ಅಂತ.”

ಪರದೆಯಕ್ಕ ಹಿಗ್ಗಿದಳು. ಮಗಳು ಅಪ್ಪನ ಪಕ್ಕ ಕೂತು ಮತ್ತೊಂದು ಮಾತು ಹೇಳಿದಳು. “ಅಪ್ಪ, ಆ ಪರದೆ ಮೆಲ್ಲಗೆ ಉಬ್ಬೋದು, ಇಳಿಯೋದು. ಉಸಿರಾಡ್ತಾ ಇತ್ತು.”

“ಅದು ಆಡಿದ್ರೆ ನಾನೂ ಆಡ್ತೀನಿ ಬಿಡು” ಎಂದ ಹತ್ತಿಯಣ್ಣ.

ಮೇಲೆ ಫ್ಯಾನು ತಿರುಗುತ್ತಿತ್ತೇ ಎಂದು ಅವನೂ ಕೇಳಲಿಲ್ಲ, ಅವಳೂ ನೆನೆಸಿಕೊಳ್ಳಲಿಲ್ಲ. ಶನಿವಾರವೇ ಮುಂಗಡ ಕಟ್ಟಿದರು.

ಕಟ್ಟಡ ಮುಗಿಯುವವರೆಗೆ ಮಾದರಿ ಮನೆ ಬಿಟ್ಟು ಬೇರೆಲ್ಲೂ ಒಳಗೆ ಬಿಡುತ್ತಿರಲಿಲ್ಲ, ಮೇಲಿನಿಂದ ಇಟ್ಟಿಗೆ ಬೀಳುತ್ತದೆಂದು. ಮಳೆಗಾಲದ ಕೊನೆಗೆ ಬೀಗದ ಕೈ ಸಿಕ್ಕ ದಿನ ಮೂವರೂ ಹೊರಟರು, ಜೊತೆಗೆ ಡ್ರಿಲ್ಲು ಹಿಡಿದ ರಾಡಣ್ಣ. ಅವನು ಸ್ನೇಹಕ್ಕೆ ಪುಕ್ಕಟೆ ರಾಡು ಕೂರಿಸಿಕೊಡುತ್ತೇನೆಂದು ಬಂದಿದ್ದ. ಗೋಧಿ ಬಣ್ಣದ ಪರದೆ ಈ ಕಿಟಕಿಗೆ ಸಾಲದೆಂದು ಪರದೆಯಕ್ಕ ಎರಡು ಪಕ್ಕಕ್ಕೂ ಬೇರೆ ಬಟ್ಟೆಯ ಪಟ್ಟಿ ಜೋಡಿಸಿದ್ದಳು, ದಿಂಬಿನ ಚೀಲಗಳನ್ನೂ ಬಿಚ್ಚಿ ಸೇರಿಸಿದ್ದಳು. ಲಿಫ್ಟಿಗೆ ಇನ್ನೂ ಕರೆಂಟು ಕೊಟ್ಟಿರಲಿಲ್ಲ. ಹತ್ತಿಯಣ್ಣ ಪ್ರತಿ ತಿರುವಿನಲ್ಲೂ ಕೂತು ಕೂತು ನಾಲ್ಕನೆಯ ಮಹಡಿಗೆ ಬರುವಷ್ಟರಲ್ಲಿ ಉಳಿದವರು ಒಳಗಿದ್ದರು.

ಮುಂದಿನ ಕೋಣೆಗೆ ಒಂದು ಸಣ್ಣ ಕಿಟಕಿ. ತೆರೆದರೆ ಕಾರಿಡಾರು, ಎದುರುಮನೆಯ ಬಾಗಿಲು. ಅದನ್ನು ದಾಟಿ ಹಿಂದಿನ ಕೋಣೆಗೆ ಬಂದರು. ರಾಡಣ್ಣ ಸ್ಟೂಲು ಹಾಕಿಕೊಂಡ.

“ಎಲ್ಲಿ ಹಾಕ್ಲಿ ಅಕ್ಕಾ?”

“ಕಿಟಕಿ ಮೇಲೆ ಹಾಕಪ್ಪ, ಇನ್ನೆಲ್ಲಿ.”

“ಯಾವ ಕಿಟಕಿ?”

ಪರದೆಯಕ್ಕ ಸುತ್ತ ನೋಡಿದಳು. ನಾಲ್ಕೂ ಕಡೆ ಬಿಳಿಯ ಗೋಡೆ. ಒಂದು ಮೂಲೆಯಲ್ಲಿ, ಕೈಗೆ ಎಟುಕದಷ್ಟು ಮೇಲೆ, ಊಟದ ತಟ್ಟೆಯಷ್ಟಗಲದ ಒಂದು ವೆಂಟಿಲೇಟರು. ಅದರಾಚೆ ಇಡೀ ಕಟ್ಟಡದ ಬಚ್ಚಲಿನ ಪೈಪುಗಳು ಇಳಿಯುವ ಸಂದು. ಯಾರ ಮನೆಯದೋ ನೀರು ಗೊಳಗೊಳ ಇಳಿಯಿತು. ಅವಳು ಎದುರಿನ ಗೋಡೆಯ ಹತ್ತಿರ ಹೋಗಿ ಅಂಗೈಯಿಟ್ಟು ಒತ್ತಿದಳು. ಎಲ್ಲಾದರೂ ಮುಚ್ಚಿಟ್ಟಿದ್ದಾರೇನೋ ಎಂಬಂತೆ ಸವರುತ್ತ ಈ ಮೂಲೆಯಿಂದ ಆ ಮೂಲೆಗೆ ಹೋದಳು. ಹೊಸ ಸುಣ್ಣ ಕೈಗೆ ಮೆತ್ತಿತು.

“ನೀನೇ ಅಳೆದಿದ್ದಲ್ಲ ರಾಡಣ್ಣ? ಹತ್ತಡಿ?”

“ಗೋಡೆ ಹತ್ತಡಿ ಅಕ್ಕಾ. ಗೋಡೆ ಪೂರ್ತಿ ಮುಚ್ಚಬೇಕು, ಹಿಂದೆ ಟ್ಯೂಬ್‌ಲೈಟ್ ಹಾಕ್ತೀವಿ ಅಂದ್ರು. ಗೋಡೆ ಅಳೆದೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.” ಅವನು ಸ್ಟೂಲಿನಿಂದ ಇಳಿದು ಡ್ರಿಲ್ಲಿನ ವಯರನ್ನು ಸುಮ್ಮನೆ ಸುತ್ತತೊಡಗಿದ.

ಆಗ ಹತ್ತಿಯಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. ಚೌಕಟ್ಟು ಹಿಡಿದು ನಿಂತು ಉಸಿರು ಕೂಡಿಸಿಕೊಂಡ. ಹೆಂಡತಿಯ ಸುಣ್ಣದ ಕೈ ನೋಡಿದ, ಗೋಡೆ ನೋಡಿದ.

“ಲೆಕ್ಕ ಸೊನ್ನೆಗೆ ಬಂತು ಅನ್ನು” ಎಂದ.

ದಲ್ಲಾಳಿಯನ್ನು ಕೇಳಿದರೆ ಅವನು ಸಿಟ್ಟಾಗಲೂ ಇಲ್ಲ. “ಅಕ್ಕಾ, ನಕ್ಷೆ ತೋರಿಸಿದ್ದೆ, ಮಗಳು ಸಹಿ ಹಾಕಿದ್ದಾರೆ. ಅದರಲ್ಲಿ ಕಿಟಕಿ ಅಂತ ಎಲ್ಲಾದ್ರೂ ಇತ್ತಾ? ನಾನು ಬಾಯಿ ಬಿಟ್ಟು ಕಿಟಕಿ ಅಂದಿದ್ದೀನಾ? ಪರದೆ ಇತ್ತು ಅಂತೀರಿ. ಹೊಲಿದೋರು ಯಾರು, ಅದನ್ನಾದ್ರೂ ಹೇಳಿ.” ಮಗಳು ಅಲ್ಲೇ ಅತ್ತಳು. ನಕ್ಷೆಯ ಗೆರೆಗಳನ್ನು ಅವಳು ನೋಡಿದ್ದಳು, ಆದರೆ ಕಣ್ತುಂಬ ಪರದೆ ತುಂಬಿಕೊಂಡು ನೋಡಿದ್ದಳು.

ಹಳೆಯ ಸಾಲಿನ ಚಾವಣಿ ಬಿಚ್ಚಲು ಆಗಲೇ ಶುರು ಮಾಡಿದ್ದರು. ಹೋಗಲು ಬೇರೆ ಎಡೆಯಿರಲಿಲ್ಲ. ಆ ಕೋಣೆಗೇ ಹೋದರು.

ಮುಂದಿನ ಕೋಣೆಯಲ್ಲಿ ಒಲೆ, ಮಿಷನ್ನು, ಮಗಳ ಹಾಸಿಗೆ. ಹಿಂದಿನದರಲ್ಲಿ ಮಂಚ. ಫ್ಯಾನು ಅದೇ ಗಾಳಿಯನ್ನೇ ಮತ್ತೆ ಮತ್ತೆ ಕಡೆಯುತ್ತಿತ್ತು, ಬೆಣ್ಣೆ ಬರಲಿಲ್ಲ. ಒಂದು ತಿಂಗಳಲ್ಲಿ ಹತ್ತಿಯಣ್ಣ ಮಲಗುವುದನ್ನು ಬಿಟ್ಟು ಕೂತೇ ನಿದ್ದೆ ಮಾಡುವಂತಾದ. ಡಾಕ್ಟರು ಔಷಧಿಯ ಅರ್ಧವನ್ನು ಮುಕ್ಕಾಲು ಮಾಡಿದರು. “ಆ ಇನ್ನೊಂದು ಅರ್ಧ ಏನಾಯ್ತು?” ಎಂದು ಕೇಳಿದ್ದಕ್ಕೆ, “ಅದು ನಮ್ಮ ನಮೂನೇಲಿ ಬರಲ್ವಂತೆ ಡಾಕ್ಟ್ರೇ” ಎಂದ.

ಮೆಟ್ಟಿಲಿನ ತಿರುವಿನಲ್ಲಿ ಮಾತ್ರ ಕಟ್ಟಡಕ್ಕೆ ಒಂದು ನಿಜವಾದ ಕಿಟಕಿಯಿತ್ತು. ಹಗಲು ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರತೊಡಗಿದ. ಕೆಲವು ದಿನಕ್ಕೆ ಕಟ್ಟಡದ ಕಾರ್ಯದರ್ಶಿ ಬಂದರು, ಕೆಟ್ಟವರಲ್ಲ. “ಅಂಕಲ್, ಇದು ಎಲ್ಲರ ಜಾಗ. ಕುರ್ಚಿ ಇಟ್ರೆ ನಾಳೆ ಇನ್ನೊಬ್ರು ಸೈಕಲ್ ಇಡ್ತಾರೆ. ಕೊಳ್ಳೋಕೆ ಬರೋರು ನೋಡಿ ಬೆಲೆ ಇಳಿಸ್ತಾರೆ.” ಕುರ್ಚಿ ಒಳಗೆ ಬಂತು.

“ಮಾರಿಬಿಡೋಣ” ಎಂದಳು ಮಗಳು. “ನಷ್ಟ ಆದ್ರೂ ಆಗ್ಲಿ. ಬಂದಷ್ಟಕ್ಕೆ ಮಾರಿ, ಊರಾಚೆ ಎಲ್ಲಾದ್ರೂ ಒಂದು ಕಿಟಕಿ ಇರೋ ಗುಡಿಸಲು ನೋಡೋಣ.”

ಆದರೆ ಬೆಲೆಯ ಗುಣವೇ ಬೇರೆ. ಏರುವಾಗ ಇವರ ಮುಂದೆ ಓಡುತ್ತಿತ್ತು. ಇವರು ಕೊಂಡ ಮೇಲೆ ಸುಸ್ತಾಗಿ ಕೂತುಬಿಟ್ಟಿತು. ಒಂದೂವರೆ ಕೋಣೆಯ ನಮೂನೆಗೆ ಕಿಟಕಿಯಿಲ್ಲವೆಂಬ ಸುದ್ದಿ ಊರು ಸುತ್ತಿತ್ತು. ಅದೇ ಕಟ್ಟಡದಲ್ಲಿ ಅಂಥವೇ ಮಾರಾಟಕ್ಕೆ ಸಾಲುಗಟ್ಟಿದ್ದವು. ಬಿಡಿ ಮನೆಗಳು ಇನ್ನೂ ಏರುತ್ತಲೇ ಇದ್ದವು. ಬಂದ ಒಬ್ಬಿಬ್ಬರು ಗೋಡೆ ನೋಡಿ, “ಸ್ಟೋರ್ ರೂಮಾ ಇದು?” ಎಂದು ಕೇಳಿ ಹೋದರು.

ಕೊನೆಗೆ ದಲ್ಲಾಳಿಯೇ ದಾರಿ ಹೇಳಿದ. “ಅಕ್ಕಾ, ಒಂದು ಮಾತು. ನಿಮ್ಮ ಹತ್ರ ಪರದೆ ಇದೆ ಅಲ್ವಾ? ತೂಗಿಸಿ. ಹಿಂದೆ ಒಂದು ಟ್ಯೂಬ್‌ಲೈಟು. ದೂರದ ಊರಿಂದ ಬರೋ ಪಾರ್ಟಿ ಒಂದಿದೆ, ಇಲ್ಲಿಯ ಸುದ್ದಿ ಗೊತ್ತಿಲ್ಲ. ಮಿಕ್ಕಿದ್ದು ನನಗೆ ಬಿಡಿ.”

ಪರದೆಯಕ್ಕ ಎರಡು ದಿನ ಗಂಡ ಕೂತಲ್ಲೇ ಉಸಿರಿಗೆ ಒದ್ದಾಡುವುದನ್ನು ನೋಡಿದಳು. ಮೂರನೆಯ ದಿನ ತಾನೇ ಸ್ಟೂಲು ಹತ್ತಿ ರಾಡು ಕೂರಿಸಿದಳು. ಗೋಧಿ ಬಣ್ಣದ ಪರದೆ, ಅದರ ಎಲ್ಲ ತೇಪೆಗಳ ಸಮೇತ, ಗೋಡೆಯಿಂದ ಗೋಡೆಗೆ ಇಳಿಯಿತು. ನೆರಿಗೆಯೊಳಗೆ ತೇಪೆ ಕಾಣದ ಹಾಗೆ ಮಡಿಸಿ ಮೂರು ಕಡೆ ಗಂಟು ಹಾಕಿದಳು. ದೀಪ ಹಾಕಿದಾಗ ಕೋಣೆಯೇ ಬೇರೆಯಾಯಿತು. ಹತ್ತಿಯಣ್ಣ ಮಂಚದ ಮೇಲಿಂದ ನೋಡುತ್ತ, “ಚೆನ್ನಾಗಿ ಹೊಲಿದಿದ್ದೀಯ ಕಣೇ” ಎಂದ. ಅವಳು ಅವನ ಕಡೆ ನೋಡಲಿಲ್ಲ.

ಪಾರ್ಟಿ ಬಂತು. ಕನ್ನಡಕದ ಒಬ್ಬ ಹೆಂಗಸು, ಜೊತೆಗೆ ಅವಳ ತಾಯಿ. ತಾಯಿಗೆ ಪರದೆಯಕ್ಕನಷ್ಟೇ ವಯಸ್ಸು. ಲಿಫ್ಟಿನಿಂದ ಬಾಗಿಲವರೆಗೆ ನಡೆದದ್ದಕ್ಕೇ ಆಕೆಯ ಹೆಗಲು ಏರಿಳಿಯುತ್ತಿತ್ತು.

“ನೋಡಿ ಮೇಡಂ, ಹಿಂದಿನ ಕೋಣೆ, ಎಷ್ಟು ಬೆಳಕು!” ಎಂದ ದಲ್ಲಾಳಿ.

“ಅಮ್ಮ, ಇಲ್ಲಿ ನಿನ್ನ ಮಂಚ ಹಾಕಬಹುದು. ಗಾಳಿ ಬೆಳಕು ಚೆನ್ನಾಗಿದೆ.”

“ಕಿಟಕಿ ಇದೆಯಲ್ಲ, ನನಗಷ್ಟು ಸಾಕು” ಎಂದಳು ತಾಯಿ. ಹತ್ತಿಯಣ್ಣನ ಮಂಚದ ಅಂಚಿಗೆ ಕೂತು ಎದೆಯ ಮೇಲೆ ಕೈಯಿಟ್ಟುಕೊಂಡಳು.

ಕನ್ನಡಕದವಳು ಪರದೆಯ ಹತ್ತಿರ ಹೋಗಿ ಕೈ ಚಾಚಿದಳು. “ಮುಟ್ಟಬೇಡಿ!” ಪರದೆಯಕ್ಕನ ಬಾಯಿಂದ ಬಂದೇಬಿಟ್ಟಿತು. “ಹೊಸದು. ನೆರಿಗೆ ಇನ್ನೂ ಕೂತಿಲ್ಲ.” ಕೈ ಹಿಂದೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಮಗಳು ತಲೆ ತಗ್ಗಿಸಿದಳು.

“ಸಾರಿ ಆಂಟಿ. ಎಷ್ಟು ಅಚ್ಚುಕಟ್ಟಾಗಿ ಇಟ್ಕೊಂಡಿದ್ದೀರಿ” ಎಂದಳು ಕನ್ನಡಕದವಳು. “ನಮಗೆ ಒಪ್ಪಿಗೆ. ಮುಂಗಡದ ಮಾತು ಆಡೋಣ.”

ಉಬ್ಬಸದವರಿಗೆ ಉಬ್ಬಸದವರ ಉಸಿರು ಬೇಗ ಗುರುತು ಸಿಗುತ್ತದೆ. ಹತ್ತಿಯಣ್ಣ ಪಕ್ಕದಲ್ಲಿ ಕೂತ ಆ ತಾಯಿಯ ಉಸಿರನ್ನೇ ಕೇಳುತ್ತಿದ್ದ. ಆಮೇಲೆ ತನ್ನದನ್ನು ಕೂಡಿಸಿಕೊಂಡ. ಅದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಅಮ್ಮಣ್ಣಿ,” ಎಂದ ಕನ್ನಡಕದವಳನ್ನು ನೋಡಿ, “ಅದನ್ನ ಎತ್ತಿ ನೋಡು.”

“ರೀ!” ಎಂದಳು ಪರದೆಯಕ್ಕ.

“ನೆರಿಗೆ ಹಾಳಾದ್ರೆ ಆಗ್ಲಿ. ಎತ್ತಿ ನೋಡಮ್ಮ.”

ಅವಳು ಎತ್ತಿದಳು. ಟ್ಯೂಬ್‌ಲೈಟು ಕಣ್ಣಿಗೆ ಹೊಡೆಯಿತು, ಅದರ ಹಿಂದೆ ಸುಣ್ಣದ ಗೋಡೆ. ಯಾರೂ ಕೂಗಾಡಲಿಲ್ಲ. ಕನ್ನಡಕದವಳು ತಾಯಿಯ ಕೈ ಹಿಡಿದು ಎಬ್ಬಿಸಿದಳು. ತಾಯಿ ಹೋಗುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ಹತ್ತಿಯಣ್ಣನನ್ನು ನೋಡಿದಳು. ದಲ್ಲಾಳಿ, “ಇನ್ನು ಈ ಬಾಗಿಲು ತುಳಿದ್ರೆ ನನ್ನ ಬೂಟಲ್ಲೇ ಹೊಡೀರಿ” ಎಂದು ಅವರ ಹಿಂದೆ ಓಡಿದ.

“ಅಪ್ಪಾ, ಇದೆಲ್ಲ ಯಾರಿಗೋಸ್ಕರ ಮಾಡಿದ್ದು?” ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬರೀ ದಣಿವು.

“ನನಗೋಸ್ಕರ. ಗೊತ್ತು ಮಗಳೇ.” ಮುಂದಿನ ಮಾತಿಗೆ ಅವನಲ್ಲಿ ಉಸಿರು ಉಳಿದಿರಲಿಲ್ಲ.

ಆಮೇಲೆ ಕೊಳ್ಳುವವರು ಯಾರೂ ಬರಲಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತಿತ್ತು. ಪರದೆಯಕ್ಕ ಅಂಗಡಿಯ ಕೆಲಸವನ್ನು ಮನೆಗೂ ತರತೊಡಗಿದಳು. ಒಂದು ದಿನ ರಾಡಣ್ಣ ಬಾಗಿಲಲ್ಲಿ ನಿಂತು, ಈ ಸಲ ಮೆಲ್ಲಗೆ, ಕೂಗದೆ, ಹೇಳಿದ: “ಅಕ್ಕಾ, ನಿಮ್ಮ ಹಳೇ ಮನೆ ಜಾಗದಲ್ಲಿ ಎಬ್ಬಿಸ್ತಾ ಇದ್ದಾರಲ್ಲ, ಅಲ್ಲಿಯ ಮಾದರಿ ಮನೆಗೆ. ಅಗಲ ಹನ್ನೊಂದಡಿ. ಅಸ್ತರು ಬೇಡ.”

“ಹಿಂದೆ ಏನಿದೆ ರಾಡಣ್ಣ?”

ಅವನು ನೆಲ ನೋಡಿದ. “ಗೋಡೆ.”

ಅವಳು ಸೀಮೆಸುಣ್ಣ ತೆಗೆದು ಬರೆದುಕೊಂಡಳು.

ಹನ್ನೊಂದಡಿಯ ಬಟ್ಟೆ ಹರಡಲು ಮನೆಯೊಳಗೆ ಜಾಗ ಸಾಲದು. ಅಂಚು ಮಡಿಸುವ ಕೈಕೆಲಸಕ್ಕೆ ಅವಳು ಮೆಟ್ಟಿಲಿನ ತಿರುವಿಗೇ ಬಂದಳು. ಹತ್ತಿಯಣ್ಣ ಅಲ್ಲಿದ್ದ. ಕುರ್ಚಿಯಿಲ್ಲ, ಮೆಟ್ಟಿಲಿನ ಮೇಲೇ ಕೂತಿದ್ದ. ಕೂತವನನ್ನು ಯಾರೂ ಏಳು ಎನ್ನುವಂತಿರಲಿಲ್ಲ, ಸುಸ್ತಾಗಿ ಕೂತೆ ಎಂದರೆ ಅದು ನಿಜವೇ. ಅವಳು ಒಂದು ಮೆಟ್ಟಿಲು ಕೆಳಗೆ ಕೂತು ಸೂಜಿಗೆ ದಾರ ಪೋಣಿಸಿದಳು. ಕಿಟಕಿಯಿಂದ ಬಂದ ಗಾಳಿಗೆ ಬಟ್ಟೆ ಹಾರಿತು. ಅವನು ಆ ತುದಿಯನ್ನು ಮೊಣಕಾಲ ಮೇಲೆಳೆದುಕೊಂಡು ಹಿಡಿದ.

“ಯಾರ ಮನೇದೇ ಇದು?” ಎಂದ.

“ಯಾರದೋ.”

ಅವನು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಅಸ್ತರಿಲ್ಲದ್ದು, ತೆಳ್ಳಗಿನದು. ಮೇಲಿನಿಂದ ಯಾರೋ ಇಳಿದು ಬಂದರು. ಇಬ್ಬರೂ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಗೋಡೆಗೆ ಒತ್ತಿಕೊಂಡರು, ಬಂದವರು ದಾಟಿಹೋದರು. ಅವಳು ಮತ್ತೆ ಬಟ್ಟೆ ಹರಡಿದಳು. ಅವನು ಮತ್ತೆ ತುದಿ ಹಿಡಿದ.